ಎರಡನೆಯ ಊರು ಯಾವುದು?

ಅಹಮದಾಬಾದ್, ವಡೋದರಾ, ಸೂರತ್. ಗುಜರಾತಿನ ಈ ಮೂರು ನಗರಗಳನ್ನು ಕನ್ನಡದ ಅಕಾರಾದಿಯಲ್ಲಿ ಬರೆದರೆ ಬರುವ ಸಾಲು ಇದು: ಮೊದಲು ಅ, ಆಮೇಲೆ ವ, ಕೊನೆಗೆ ಸ. ಗುಜರಾತಿ ಲಿಪಿಯಲ್ಲಿ ಬರೆದರೂ ಇದೇ ಸಾಲು. ಇಂಗ್ಲಿಷಿನಲ್ಲಿ ಬರೆದ ಕೂಡಲೇ ಸೂರತ್ ಎರಡನೆಯ ಜಾಗಕ್ಕೆ ಬರುತ್ತದೆ, ವಡೋದರಾ ಕೊನೆಗೆ ಹೋಗುತ್ತದೆ. ಆ ಲಿಪಿಯಲ್ಲಿ ಎಸ್ ಆದಮೇಲಷ್ಟೇ ವಿ. ಅದೇ ವಡೋದರಾವನ್ನು 1974ಕ್ಕೆ ಮೊದಲಿನ ಅಧಿಕೃತ ಹೆಸರಿನಂತೆ ಬರೋಡಾ ಎಂದು ಬರೆದರೆ ಮತ್ತೆ ಎರಡನೆಯದಾಗುತ್ತದೆ. ವಾಹನಗಳ ನೋಂದಣಿ ಸಂಖ್ಯೆ ಹಿಡಿದು ಹೊರಟರೆ ಅಹಮದಾಬಾದಿಗೆ ಜಿಜೆ 01, ಸೂರತ್ತಿಗೆ 05, ವಡೋದರಾಕ್ಕೆ 06. ಪಿನ್‌ಕೋಡಿನ ಮೊದಲ ಮೂರು ಅಂಕಿ ಹಿಡಿದರೆ 380, 390, 395, ವಡೋದರಾ ನಡುವೆ. 2011ರ ಜನಗಣತಿಯಂತೆ ಅಹಮದಾಬಾದ್ ನಗರದಲ್ಲಿ 55 ಲಕ್ಷಕ್ಕೂ ಹೆಚ್ಚು, ಸೂರತ್ತಿನಲ್ಲಿ 44 ಲಕ್ಷಕ್ಕೂ ಹೆಚ್ಚು, ವಡೋದರಾದಲ್ಲಿ 16 ಲಕ್ಷಕ್ಕೂ ಹೆಚ್ಚು ಜನ, ವಡೋದರಾ ಕೊನೆಗೆ. ಅಹಮದಾಬಾದಿನಿಂದ ದಕ್ಷಿಣಕ್ಕೆ ಹೊರಟ ರೈಲಿಗೆ ಸುಮಾರು 100 ಕಿಲೋಮೀಟರಿಗೆ ವಡೋದರಾ, ಮತ್ತೆ ಸುಮಾರು 130 ಕಿಲೋಮೀಟರಿಗೆ ಸೂರತ್. ಮುಂಬೈಯಿಂದ ಬರುವವರಿಗೆ ಎಲ್ಲವೂ ತಿರುಗುಮುರುಗು.

ಮೂರೇ ಹೆಸರಿನ ಪಟ್ಟಿಗೆ ಇಷ್ಟು ಸಾಲುಗಳಿವೆ, ಒಂದೂ ತಪ್ಪಲ್ಲ. ವೆಬ್‌ಸೈಟೊಂದರ ಬಳಕೆದಾರರ ಪಟ್ಟಿಯಲ್ಲಿ ಮುನ್ನೂರು ಹೆಸರಿದ್ದು, ಪ್ರತಿ ಹೆಸರಿನ ಹಿಂದೆ ಊರು, ಹುದ್ದೆ, ಸೇರಿದ ದಿನ, ಫೋನ್ ನಂಬರು ಇದ್ದರೆ ಎಷ್ಟು ಸಾಲುಗಳು ಸಾಧ್ಯ ಎಂದು ಎಣಿಸುವುದೇ ದಂಡ. ಕಂಪ್ಯೂಟರು ಯಾವ ಸಾಲನ್ನು ಬೇಕಾದರೂ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಕೊಡುತ್ತದೆ. ಯಾವುದು ಬೇಕು ಎಂಬುದನ್ನು ಮಾತ್ರ ಅದಕ್ಕೆ ಬಿಡಿಸಿ ಹೇಳಬೇಕು. ಹೇಳದಿದ್ದರೆ ತನಗೆ ತೋಚಿದ್ದನ್ನು ಕೊಡುತ್ತದೆ, ಅದು ಸಾಮಾನ್ಯವಾಗಿ ಯಾರಿಗೂ ಬೇಡದ ಸಾಲು.

ಈ ಮೂರೂ ನಗರಗಳಲ್ಲಿ ನೆಲೆಸಿದ ಕನ್ನಡಿಗರು, ಹೋಟೆಲಿನವರು, ಬ್ಯಾಂಕಿನವರು, ಕಾರ್ಖಾನೆ ಎಂಜಿನಿಯರುಗಳು, ಜವಳಿ ವ್ಯಾಪಾರದವರು ಸೇರಿ ಒಂದು ಸಂಘ ಕಟ್ಟಿಕೊಂಡು ಅದಕ್ಕೊಂದು ವೆಬ್‌ಸೈಟ್ ಮಾಡಿದ್ದಾರೆ ಎಂದು ಇಟ್ಟುಕೊಳ್ಳಬಹುದು. ಸಣ್ಣ ಸಂಘಗಳ ಎಷ್ಟೋ ಸೈಟುಗಳು ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶದ ಮೇಲೆ ನಡೆಯುತ್ತವೆ. ಅದರಲ್ಲಿ ಸದಸ್ಯರ ಪಟ್ಟಿ ಕೇಳಿದರೆ, ಬೇರೇನೂ ಹೇಳದ ಪಕ್ಷದಲ್ಲಿ, ಲಾಗಿನ್ ಹೆಸರಿನ ಅಕ್ಷರಗಳ ಪ್ರಕಾರ ಸಾಲು ಬರುತ್ತದೆ. ಲಾಗಿನ್ ಹೆಸರೆಂದರೆ ಸೈಟಿಗೆ ಮೊದಲ ಸಲ ಸೇರುವಾಗ ಗಡಿಬಿಡಿಯಲ್ಲಿ ಒತ್ತಿದ ಇಂಗ್ಲಿಷ್ ಅಕ್ಷರಗಳು. ಅಧ್ಯಕ್ಷರು ತಮ್ಮ ಹೆಸರನ್ನೇ ಕೊಟ್ಟಿರಬಹುದು, ಖಜಾಂಚಿ ಮಗಳ ಹೆಸರನ್ನು, ಇನ್ನೊಬ್ಬರು ಹುಟ್ಟಿದ ಇಸವಿಯನ್ನು. ಆ ಸಾಲಿನಲ್ಲಿ ಸೂರತ್ತಿನ ಹೊಸ ಸದಸ್ಯ ಮೇಲೆ, ಅಹಮದಾಬಾದಿನ ಅಧ್ಯಕ್ಷರು ನಾಲ್ಕನೆಯ ಪುಟದಲ್ಲಿ. ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಯಾರ ಕೆಳಗೆ ಬಂತು ಎಂಬುದಕ್ಕೇ ಮಾತು ಬಿಟ್ಟವರಿರುವಾಗ ಇದನ್ನು ಹಾಗೆಯೇ ಬಿಡುವಂತಿಲ್ಲ.

ಸಂಘಕ್ಕೆ ಬೇಕಾದ ಸಾಲು ಬಹುಶಃ ಹೀಗಿರುತ್ತದೆ: ಊರುಗಳು ರೈಲುದಾರಿಯ ಕ್ರಮದಲ್ಲಿ, ಪ್ರತಿ ಊರೊಳಗೆ ಮೊದಲು ಪದಾಧಿಕಾರಿಗಳು, ಆಮೇಲೆ ಆಜೀವ ಸದಸ್ಯರು, ಆಮೇಲೆ ಸಾಮಾನ್ಯ ಸದಸ್ಯರು, ಒಂದೇ ದರ್ಜೆಯವರೊಳಗೆ ಹೆಸರಿನ ಅಕಾರಾದಿ. ಈ ಮಾತಿನಲ್ಲಿ ಮೂರು ಮೆಟ್ಟಿಲುಗಳಿವೆ. ಎರಡನೆಯ ಮೆಟ್ಟಿಲಿನ ಮಾತು ಬರುವುದು ಮೊದಲನೆಯದರಲ್ಲಿ ಇಬ್ಬರು ಸರಿಸಮ ಆದಾಗ ಮಾತ್ರ. ಮೂರನೆಯದು ಎರಡರಲ್ಲೂ ಸಮ ಆದಾಗ.

ಇದು ಕಂಪ್ಯೂಟರಿನವರು ಕಂಡುಹಿಡಿದ ಉಪಾಯವಲ್ಲ. ಇಂದಿನ ಅಹಮದಾಬಾದ್ ಜಿಲ್ಲೆಯ ಧಂಧೂಕಾದಲ್ಲಿ ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಹುಟ್ಟಿ, ಪಾಟಣದ ಚೌಲುಕ್ಯ ದೊರೆಗಳ ಆಶ್ರಯದಲ್ಲಿದ್ದ ಜೈನಾಚಾರ್ಯ ಹೇಮಚಂದ್ರ ದೇಶೀ ಪದಗಳಿಗಾಗಿ ‘ದೇಶೀನಾಮಮಾಲಾ’ ಎಂಬ ಕೋಶ ರಚಿಸಿದ. ಅಮರಕೋಶದಂಥ ಹಳೆಯ ಕೋಶಗಳು ಪದಗಳನ್ನು ವಿಷಯದ ಪ್ರಕಾರ ಜೋಡಿಸುತ್ತಿದ್ದವು: ಸ್ವರ್ಗಕ್ಕೆ ಸೇರಿದ್ದು ಒಂದು ಕಡೆ, ಭೂಮಿಗೆ ಸೇರಿದ್ದು ಇನ್ನೊಂದು ಕಡೆ. ಹೇಮಚಂದ್ರ ಪದದ ಮೊದಲ ಅಕ್ಷರವನ್ನು ಹಿಡಿದ. ಸ್ವರಗಳ ವರ್ಗ, ಕವರ್ಗ, ಚವರ್ಗ ಎಂದು ಎಂಟು ವರ್ಗ ಮಾಡಿದ. ಒಂದೇ ಅಕ್ಷರದಿಂದ ಶುರುವಾಗುವ ಪದಗಳೊಳಗೆ ಒಂದೇ ಅರ್ಥವುಳ್ಳವು ಮೊದಲು, ಹಲವು ಅರ್ಥವುಳ್ಳವು ಆಮೇಲೆ. ಅವುಗಳೊಳಗೆ ಮತ್ತೆ ಎರಡು ಅಕ್ಷರದವು, ಮೂರು ಅಕ್ಷರದವು, ನಾಲ್ಕು ಅಕ್ಷರದವು ಎಂದು ಉದ್ದದ ಕ್ರಮ. ಸಂಘದ ಪಟ್ಟಿಗೆ ಬೇಕಾದ ಮೂರು ಮೆಟ್ಟಿಲು ಇಲ್ಲಿ ಹಾಗೆಯೇ ಇವೆ, ಎಂಟುನೂರು ವರ್ಷಕ್ಕೂ ಹಿಂದೆ.

ಅಕ್ಷರದ ಕ್ರಮ ಕಂಪ್ಯೂಟರಿಗೆ ಗೊತ್ತು, ಅಂಕಿಯ ಕ್ರಮ ಗೊತ್ತು. ರೈಲುದಾರಿಯ ಕ್ರಮ ಗೊತ್ತಿಲ್ಲ. ಅಧ್ಯಕ್ಷರು ಖಜಾಂಚಿಗಿಂತ ಮೇಲೆ ಎಂಬುದಂತೂ ಗೊತ್ತೇ ಇಲ್ಲ. ಅದನ್ನು ತಿಳಿಸುವ ದಾರಿ ಒಂದೇ: ಪ್ರತಿಯೊಂದಕ್ಕೂ ಒಂದು ಅಂಕಿ ಕಟ್ಟುವುದು. ಅಹಮದಾಬಾದಿಗೆ 1, ವಡೋದರಾಕ್ಕೆ 2, ಸೂರತ್ತಿಗೆ 3. ಅಧ್ಯಕ್ಷರಿಗೆ 1, ಕಾರ್ಯದರ್ಶಿಗೆ 2, ಖಜಾಂಚಿಗೆ 3, ಆಜೀವ ಸದಸ್ಯರಿಗೆ 4, ಉಳಿದವರಿಗೆ 5. ಆಮೇಲೆ ಯಂತ್ರ ನೋಡುವುದು ಈ ಅಂಕಿಗಳನ್ನು ಮಾತ್ರ. ವಡೋದರಾದ ಗ್ರಂಥಾಲಯದ ಕಪಾಟುಗಳಲ್ಲಿ ನಡೆದದ್ದೂ ಇದೇ. 1910ರಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕದಿಂದ ಕರೆಸಿಕೊಂಡ ವಿಲಿಯಂ ಅಲನ್ಸನ್ ಬೋರ್ಡನ್ ಅಲ್ಲಿನ ಸೆಂಟ್ರಲ್ ಲೈಬ್ರರಿಗಾಗಿ ಪುಸ್ತಕ ಜೋಡಿಸುವ ಡ್ಯೂಯಿ ಮತ್ತು ಕಟ್ಟರ್ ಪದ್ಧತಿಗಳೆರಡನ್ನೂ ಬೆರೆಸಿ ಬರೋಡಾಕ್ಕೆಂದೇ ಒಂದು ವರ್ಗೀಕರಣ ರೂಪಿಸಿದರು. ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯ ಸಂಕೇತ ನೋಡಿ ಅದನ್ನು ಕಪಾಟಿನಲ್ಲಿ ಸರಿಯಾದ ಜಾಗಕ್ಕೆ ಇಡುವವನು ಪುಸ್ತಕ ಓದಬೇಕಿಲ್ಲ. ಸದಸ್ಯನ ಬೆನ್ನಿಗೆ ಅಂಥದೇ ಒಂದು ಚೀಟಿ ಅಂಟಿಸುವುದು ಪ್ರೋಗ್ರಾಮರನ ಮೊದಲ ಕೆಲಸ. ವರ್ಡ್‌ಪ್ರೆಸ್‌ನಲ್ಲಿ ಈ ಚೀಟಿಗೆ ಯೂಸರ್ ಮೆಟಾ ಎನ್ನುತ್ತಾರೆ.

ಅಂಕಿ ಕಟ್ಟಿದ ಮೇಲೆ ಉಳಿಯುವುದು ಹೋಲಿಕೆ. ಹೋಲಿಸಿ ಸಾರ್ಟ್ ಮಾಡುವ, ಅಂದರೆ ಸಾಲಾಗಿ ಜೋಡಿಸುವ, ಯಾವ ವಿಧಾನವಾದರೂ ಒಳಗೆ ಮಾಡುವುದು ಇಷ್ಟೇ: ಇಬ್ಬರನ್ನು ಎತ್ತಿಕೊಂಡು ಯಾರು ಮುಂದೆ ಎಂದು ಕೇಳುವುದು, ಉತ್ತರಕ್ಕೆ ತಕ್ಕಂತೆ ಜಾಗ ಬದಲಿಸುವುದು, ಮತ್ತೆ ಇಬ್ಬರನ್ನು ಎತ್ತಿಕೊಳ್ಳುವುದು. ಕೇಳಿದಾಗ ಉತ್ತರ ಕೊಡುವ ತುಂಡು ಕೋಡನ್ನು ಪ್ರೋಗ್ರಾಮರ್ ಬರೆದುಕೊಡುತ್ತಾನೆ. ಪಿಎಚ್‌ಪಿ ಭಾಷೆಯಲ್ಲಿ ಅದನ್ನು ಯೂಸಾರ್ಟ್ ಎಂಬ ಫಂಕ್ಷನ್ನಿಗೆ, ಜಾವಾಸ್ಕ್ರಿಪ್ಟಿನಲ್ಲಿ ಸಾರ್ಟ್ ಎಂಬುದಕ್ಕೆ ಕೊಡಬೇಕು. ಕನ್ನಡದಲ್ಲಿ ಬರೆದರೆ ಆ ತುಂಡು ಹೀಗಿರುತ್ತದೆ:

ಇಬ್ಬರ ಊರಿನ ಅಂಕಿ ಬೇರೆಯಾದರೆ, ಚಿಕ್ಕ ಅಂಕಿಯವರು ಮುಂದೆ.
ಊರು ಒಂದೇ ಆಗಿ ಹುದ್ದೆಯ ಅಂಕಿ ಬೇರೆಯಾದರೆ, ಚಿಕ್ಕ ಅಂಕಿಯವರು ಮುಂದೆ.
ಎರಡೂ ಒಂದೇ ಆದರೆ, ಹೆಸರನ್ನು ಕನ್ನಡದ ಅಕಾರಾದಿಯಲ್ಲಿ ಹೋಲಿಸಿ.
ಹೆಸರೂ ಒಂದೇ ಆದರೆ, ಸದಸ್ಯತ್ವ ಸಂಖ್ಯೆ ಚಿಕ್ಕದಿರುವವರು ಮುಂದೆ.

ವಡೋದರಾದ ಆಜೀವ ಸದಸ್ಯ ಕುಲಕರ್ಣಿ, ಸೂರತ್ತಿನ ಖಜಾಂಚಿ ಶೆಟ್ಟಿ ಇಬ್ಬರನ್ನೂ ಇದಕ್ಕೆ ಕೊಟ್ಟು ನೋಡಬಹುದು. ಊರಿನ ಅಂಕಿ 2 ಮತ್ತು 3. ಮೊದಲ ಸಾಲಿನಲ್ಲೇ ತೀರ್ಮಾನವಾಯಿತು, ಕುಲಕರ್ಣಿ ಮುಂದೆ. ಶೆಟ್ಟರು ಖಜಾಂಚಿ ಎಂಬುದನ್ನು ಕೋಡು ಕೇಳಲೂ ಇಲ್ಲ. ಇದು ಸರಿಯಲ್ಲ, ಪದಾಧಿಕಾರಿಗಳು ಯಾವ ಊರಿನವರಾದರೂ ಎಲ್ಲರಿಗಿಂತ ಮುಂದಿರಬೇಕು ಎಂದು ಸಂಘದವರು ಹೇಳಿದರೆ, ಮೊದಲ ಎರಡು ಸಾಲುಗಳಲ್ಲಿ ಊರು, ಹುದ್ದೆಗಳನ್ನು ಅದಲುಬದಲು ಮಾಡಿದರಾಯಿತು. ಅಂಕಿಗಳು ಅವೇ, ಸದಸ್ಯರು ಅವರೇ. ಹೋಲಿಕೆಯ ಮೆಟ್ಟಿಲು ಮಾತ್ರ ಬದಲು.

ಉತ್ತರವನ್ನು ಹೌದು, ಅಲ್ಲ ಎಂದು ಕೊಟ್ಟರೆ ಸಾಲದು. ಮುಂದೆ, ಹಿಂದೆ, ಸಮ ಎಂಬ ಮೂರು ಉತ್ತರ ಬೇಕು. ಕೋಡಿನಲ್ಲಿ ಇವಕ್ಕೆ ಋಣಸಂಖ್ಯೆ, ಧನಸಂಖ್ಯೆ, ಸೊನ್ನೆ. ಈ ಮೂರರಲ್ಲಿ ಸರಿಯಾದದ್ದನ್ನು ಒಂದೇ ಏಟಿಗೆ ಕೊಡುವ ಗುರುತೊಂದು 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಸೇರಿತು. ಅದರ ಆಕಾರ ನೋಡಿ ಪ್ರೋಗ್ರಾಮರುಗಳು ಅದಕ್ಕೆ ಸ್ಪೇಸ್‌ಶಿಪ್ ಎಂದು ಹೆಸರಿಟ್ಟಿದ್ದಾರೆ. ಸಮ ಎಂದು ಬಂದ ಇಬ್ಬರು ಸಾರ್ಟ್‌ಗೆ ಮೊದಲು ಇದ್ದ ಕ್ರಮದಲ್ಲೇ ಉಳಿಯುತ್ತಾರೆಯೇ ಎಂಬ ಪ್ರಶ್ನೆಯೂ ಇದೆ. ಉಳಿದರೆ ಅದು ಸ್ಥಿರ ಸಾರ್ಟ್. ಜಾವಾಸ್ಕ್ರಿಪ್ಟಿನಲ್ಲಿ 2019ರ ಮಾನಕದಿಂದ, ಪಿಎಚ್‌ಪಿಯಲ್ಲಿ 2020ರ 8.0 ಆವೃತ್ತಿಯಿಂದ ಸಾರ್ಟ್ ಸ್ಥಿರ. ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ನಡೆಯುವ ಸೈಟಿನಲ್ಲಿ ಇಬ್ಬರು ಸರಿಸಮ ಸದಸ್ಯರ ಜಾಗ ಅದಲುಬದಲಾಗಿ ಕಂಡರೆ ಯಾರನ್ನೂ ದೂರುವಂತಿಲ್ಲ. ಮೇಲಿನ ನಾಲ್ಕನೆಯ ಸಾಲು, ಸದಸ್ಯತ್ವ ಸಂಖ್ಯೆಯ ಸಾಲು, ಇದಕ್ಕೇ ಬೇಕು: ಒಂದೇ ಸಂಖ್ಯೆ ಇಬ್ಬರಿಗೆ ಇರುವುದಿಲ್ಲವಾದ್ದರಿಂದ ಸಮ ಎಂಬ ಉತ್ತರ ಬರುವ ಸಂದರ್ಭವೇ ಇರದು.

ಮೂರನೆಯ ಸಾಲು ಓದಲು ಸುಲಭ, ಮಾಡಲು ಎಲ್ಲಕ್ಕಿಂತ ಕಷ್ಟ. ಕಂಪ್ಯೂಟರಿನ ಒಳಗೆ ಅಕ್ಷರವಿಲ್ಲ, ಅಕ್ಷರಕ್ಕೆ ಯೂನಿಕೋಡ್ ಕೊಟ್ಟ ಸಂಖ್ಯೆ ಇದೆ. ಅ ಅಕ್ಷರಕ್ಕೆ 3205, ಕ ಅಕ್ಷರಕ್ಕೆ 3221. ಸಾದಾ ಸಾರ್ಟ್ ಈ ಸಂಖ್ಯೆಗಳನ್ನೇ ಹೋಲಿಸುತ್ತದೆ. ಬಹುತೇಕ ಅಕ್ಷರಗಳಿಗೆ ವರ್ಣಮಾಲೆಯ ಕ್ರಮದಲ್ಲೇ ಸಂಖ್ಯೆ ಬಿದ್ದಿರುವುದರಿಂದ ತೊಂದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಬೀಳುವುದು ಳ ಬಂದಾಗ. ವರ್ಣಮಾಲೆಯಲ್ಲಿ ಹ ಆದಮೇಲೆ, ಎಲ್ಲಕ್ಕೂ ಕೊನೆಗೆ ಬರುವ ಈ ಅಕ್ಷರಕ್ಕೆ ಯೂನಿಕೋಡ್ ಸಂಖ್ಯೆ 3251. ಲ ಅಕ್ಷರದ ಸಂಖ್ಯೆ 3250, ವ ಅಕ್ಷರದ್ದು 3253, ಹ ಅಕ್ಷರದ್ದು 3257. ಅಂದರೆ ಳ ಬಂದು ಲ, ವಗಳ ನಡುವೆ ಕೂತಿದೆ. ಭಾರತದ ಲಿಪಿಗಳಿಗೆಲ್ಲ ಒಂದೇ ನಕ್ಷೆ ಇರಲಿ ಎಂದು ರೂಪಿಸಿದ ಇಸ್ಕಿ ಎಂಬ ಹಳೆಯ ಭಾರತೀಯ ಸಂಕೇತವ್ಯವಸ್ಥೆಯನ್ನು ಯೂನಿಕೋಡ್ ಅನುಸರಿಸಿದ್ದರ ಫಲ ಇದು. ಗುಜರಾತಿಯ ಳ ಕೂಡ ಆ ಲಿಪಿಯ ನಕ್ಷೆಯಲ್ಲಿ ಅದೇ ಮನೆಯಲ್ಲಿದೆ, ಅಲ್ಲೂ ಇದೇ ಗೋಳು. ಬಳಿಗಾರ, ಬಸವರಾಜ ಎಂಬ ಎರಡು ಹೆಸರನ್ನು ಸಾದಾ ಸಾರ್ಟ್‌ಗೆ ಕೊಟ್ಟರೆ ಬಳಿಗಾರ ಮುಂದೆ ಬರುತ್ತದೆ. ಕನ್ನಡ ನಿಘಂಟು ತೆರೆದು ನೋಡುವ ಅಭ್ಯಾಸ ಇರುವವರು ಬಸವರಾಜನ ನಂತರವೇ ಬಳಿಗಾರನನ್ನು ಹುಡುಕುತ್ತಾರೆ. ಪರಿಹಾರ ಇದೆ: ಹೋಲಿಸುವಾಗ ಭಾಷೆ ಕನ್ನಡ ಎಂದು ತಿಳಿಸುವ ಸೌಲಭ್ಯ. ಜಾವಾಸ್ಕ್ರಿಪ್ಟಿನಲ್ಲಿ ಲೊಕೇಲ್‌ಕಂಪೇರ್, ಪಿಎಚ್‌ಪಿಯಲ್ಲಿ ಕೊಲೇಟರ್ ಈ ಕೆಲಸಕ್ಕೇ ಇವೆ. ಅವು ಸಂಖ್ಯೆ ಬಿಟ್ಟು ವರ್ಣಮಾಲೆ ಹಿಡಿಯುತ್ತವೆ.

ಕಣ್ಣಿಗೆ ಕಾಣದ ಇನ್ನೊಂದು ತರಲೆ ರಾಜ್‌ಕುಮಾರ್ ಎಂಬಂಥ ಹೆಸರಿನಲ್ಲಿದೆ. ಜ್ ಮತ್ತು ಕು ಒತ್ತಾಗಿ ಕೂಡಿಕೊಳ್ಳದಂತೆ ಅವುಗಳ ನಡುವೆ ಅಗಲವೇ ಇಲ್ಲದ ಒಂದು ಗುಪ್ತ ಅಕ್ಷರ ಇರುತ್ತದೆ. ಒಬ್ಬರು ಟೈಪ್ ಮಾಡುವಾಗ ಅದು ಸೇರಿರುತ್ತದೆ, ಇನ್ನೊಬ್ಬರದರಲ್ಲಿ ಇರುವುದಿಲ್ಲ. ಸಾದಾ ಹೋಲಿಕೆಗೆ ಇವು ಬೇರೆಬೇರೆ ಹೆಸರು.

ಅಕ್ಷರ ಸರಿಹೋದರೂ ಹೆಸರು ಸರಿಹೋಗಬೇಕಲ್ಲ. ಗುಜರಾತಿನಲ್ಲಿ ಪೂರ್ತಿ ಹೆಸರೆಂದರೆ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು: ವಿಕ್ರಂ ಅಂಬಾಲಾಲ್ ಸಾರಾಭಾಯಿ, ವಲ್ಲಭಭಾಯಿ ಝವೇರಭಾಯಿ ಪಟೇಲ್. ಕಚೇರಿಯ ಅರ್ಜಿಗಳಲ್ಲಿ ಹಲವು ಸಲ ಮನೆತನದ ಹೆಸರು ಮುಂದಕ್ಕೆ ಬರುತ್ತದೆ. ಹಳೆ ಮೈಸೂರಿನಿಂದ ಹೋದವರಿಗೆ ಸಾಮಾನ್ಯವಾಗಿ ಮನೆತನದ ಹೆಸರೇ ಇರುವುದಿಲ್ಲ, ಊರಿನದೋ ತಂದೆಯದೋ ಇನಿಶಿಯಲ್ ಮುಂದಿರುತ್ತದೆ. ಕುವೆಂಪು ಅವರನ್ನು ಕೆ.ವಿ. ಪುಟ್ಟಪ್ಪ ಎಂದು ಬರೆದ ಪಟ್ಟಿಯಲ್ಲಿ ಯಂತ್ರ ಅವರನ್ನು ಕೆ ಅಕ್ಷರದ ಕೆಳಗೆ ಇಡುತ್ತದೆ. ಹುಡುಕುವವರು ಪು ಅಕ್ಷರದ ಹತ್ತಿರ ಪುಟ ತಿರುವುತ್ತಿರುತ್ತಾರೆ. ಮರ್ಯಾದೆಗೆಂದು ಹೆಸರಿನ ಮುಂದೆ ಶ್ರೀ, ಶ್ರೀಮತಿ ಸೇರಿಸಿದ್ದರೆ ಅರ್ಧ ಸಂಘ ಶ ಅಕ್ಷರಕ್ಕೆ ಹೋಗಿ ಬೀಳುತ್ತದೆ. ಗುಜರಾತಿನ ಭಾಯಿ, ಬೆನ್ ಹೆಸರಿನ ಹಿಂದೆ ಬರುವುದರಿಂದ ಅಷ್ಟು ಕಾಟ ಕೊಡುವುದಿಲ್ಲ, ಆದರೂ ರಮೇಶ್, ರಮೇಶ್‌ಭಾಯಿ ಎಂಬ ಇಬ್ಬರು ಒಬ್ಬರೇ ಎಂಬುದು ಕೋಡಿಗೆ ತಿಳಿಯದು. ತೋರಿಸುವ ಹೆಸರು ಒಂದು, ಸಾರ್ಟ್ ಮಾಡುವ ಹೆಸರು ಇನ್ನೊಂದು ಎಂದು ಎರಡು ಅಂಕಣ ಇಡುವುದೇ ಇದಕ್ಕೆ ನೆಟ್ಟಗಿನ ದಾರಿ. ಸಾರ್ಟಿನ ಅಂಕಣದಲ್ಲಿ ‘ಪುಟ್ಟಪ್ಪ ಕೆ ವಿ’ ಎಂದಿದ್ದರೆ ಸಾಕು, ಪರದೆಯ ಮೇಲೆ ಅದು ಕಾಣಬೇಕಿಲ್ಲ.

ಒಂದೇ ಹೆಸರನ್ನು ಇಬ್ಬರು ಎರಡು ಬಗೆಯಲ್ಲಿ ಬರೆದರೆ ಯಾವ ಕೋಡೂ ಕೈಹಿಡಿಯುವುದಿಲ್ಲ. ಶಾ, ಷಾ, ಶಾಹ್ ಮೂರೂ ಒಂದೇ ಮನೆತನದ ಹೆಸರಿಗೆ ಕನ್ನಡದಲ್ಲಿ ನಡೆಯುವ ಬರವಣಿಗೆಗಳು. ಸೂರತ್ತಿನ ಕವಿ ನರ್ಮದ್ ಒಬ್ಬರೇ ಕೂತು ದುಡಿದು ತಂದ ಗುಜರಾತಿ ಕೋಶ ‘ನರ್ಮಕೋಶ’ 1873ರಲ್ಲಿ ಅಚ್ಚಾಯಿತು. ಗುಜರಾತಿಯ ಕಾಗುಣಿತಕ್ಕೆ ಒಂದು ಕಟ್ಟುಪಾಡು ಬಂದದ್ದು ಅದಾದ ಐವತ್ತಾರು ವರ್ಷಕ್ಕೆ: 1929ರಲ್ಲಿ, ಅಹಮದಾಬಾದಿನಲ್ಲಿ ಗಾಂಧೀಜಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠ ‘ಜೋಡಣಿಕೋಶ’ ಹೊರತಂದಾಗ. ಜೋಡಣಿ ಎಂದರೆ ಗುಜರಾತಿಯಲ್ಲಿ ಕಾಗುಣಿತ. ಕಾಗುಣಿತ ನಿಂತ ಮೇಲಷ್ಟೇ ಅಕಾರಾದಿ ನಿಲ್ಲುತ್ತದೆ, ಪದಗಳಿಗಾದರೂ ಸರಿ, ಸದಸ್ಯರಿಗಾದರೂ ಸರಿ.

ಅಂಕಿಗಳಲ್ಲೂ ಒಂದು ಹಳೆಯ ಬಲೆ ಇದೆ. ವರ್ಡ್‌ಪ್ರೆಸ್ ಮೆಟಾ ಚೀಟಿಯಲ್ಲಿ ಬರೆದದ್ದನ್ನೆಲ್ಲ ಅಕ್ಷರ ಎಂದೇ ಇಟ್ಟುಕೊಳ್ಳುತ್ತದೆ. ಅಕ್ಷರವಾಗಿ ಹೋಲಿಸಿದರೆ 1 ಆದಮೇಲೆ 10, ಆಮೇಲೆ 11, ಆಮೇಲೆ 2. ಹುದ್ದೆಗಳು ಒಂಬತ್ತು ಇರುವವರೆಗೆ ಎಲ್ಲ ಚೆನ್ನಾಗಿರುತ್ತದೆ. ಹತ್ತನೆಯ ಹುದ್ದೆ ಸೃಷ್ಟಿಯಾದ ದಿನ ಆ ಹುದ್ದೆಯವರು ಕಾರ್ಯದರ್ಶಿಯನ್ನು ದಾಟಿ ಅಧ್ಯಕ್ಷರ ಪಕ್ಕದಲ್ಲಿ ಕೂತಿರುತ್ತಾರೆ. ಇದನ್ನು ಅಕ್ಷರವಾಗಿ ನೋಡಬೇಡ, ಸಂಖ್ಯೆಯಾಗಿ ನೋಡು ಎಂದು ಪ್ರತ್ಯೇಕವಾಗಿ ಹೇಳುವ ಆಯ್ಕೆ ವರ್ಡ್‌ಪ್ರೆಸ್‌ನಲ್ಲಿದೆ.

ಇದಕ್ಕಿಂತ ಕೆಟ್ಟದ್ದು ಚೀಟಿಯೇ ಇಲ್ಲದ ಸದಸ್ಯರ ಪಾಡು. ಒಂದು ಮೆಟಾ ಚೀಟಿಯ ಹೆಸರು ಹೇಳಿ ಅದರ ಪ್ರಕಾರ ಸಾಲು ಮಾಡು ಎಂದರೆ, ಆ ಚೀಟಿ ಇಲ್ಲದವರನ್ನು ವರ್ಡ್‌ಪ್ರೆಸ್ ಪಟ್ಟಿಯಿಂದಲೇ ಬಿಟ್ಟುಬಿಡುತ್ತದೆ. ಅವರು ಕೊನೆಗೆ ಹೋಗುವುದಿಲ್ಲ, ಕಾಣೆಯಾಗುತ್ತಾರೆ. ಮುನ್ನೂರು ಜನರ ಪಟ್ಟಿ ಇನ್ನೂರ ಎಂಬತ್ತೇಳು ಆದದ್ದು, ಬಿಟ್ಟುಹೋದವರಲ್ಲೊಬ್ಬರು ಫೋನ್ ಮಾಡುವವರೆಗೆ ಗೊತ್ತಾಗುವುದಿಲ್ಲ. ಸೈಟಿನ ಹಿಂದಿರುವ ಮೈಎಸ್‌ಕ್ಯೂಎಲ್ ದತ್ತಾಂಶಕೋಶದಲ್ಲಿ ನೇರವಾಗಿ ಕೆಲಸ ಮಾಡುವವರು ಫೀಲ್ಡ್ ಎಂಬ ಫಂಕ್ಷನ್ ಬಳಸುತ್ತಾರೆ. ಅದಕ್ಕೆ ಊರುಗಳ ಹೆಸರನ್ನು ಬೇಕಾದ ಕ್ರಮದಲ್ಲಿ ಕೊಟ್ಟರೆ ಸದಸ್ಯನ ಊರು ಎಷ್ಟನೆಯದು ಎಂದು ಹೇಳುತ್ತದೆ. ಸೊಗಸಾದ ಉಪಾಯ. ಆದರೆ ಕೊಟ್ಟ ಪಟ್ಟಿಯಲ್ಲಿ ಇಲ್ಲದ ಊರಿಗೆ ಅದು ಕೊಡುವ ಉತ್ತರ ಸೊನ್ನೆ, ಸೊನ್ನೆ ಒಂದಕ್ಕಿಂತ ಚಿಕ್ಕದು. ಊರಿನ ಜಾಗದಲ್ಲಿ ‘ಬರೋಡ’ ಎಂದು ತುಂಬಿದವರು, ಸೂರತ್ ಎಂಬುದರ ಹಿಂದೆ ಒಂದು ಚುಕ್ಕೆ ಸೇರಿಸಿದವರು, ಎಲ್ಲರೂ ಅಧ್ಯಕ್ಷರಿಗಿಂತ ಮೇಲೆ ಬಂದು ಕೂರುತ್ತಾರೆ.

ಉಳಿದವರು ಎಲ್ಲಿಗೆ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡುವುದು ಹೇಗೆ ಎಂಬುದಕ್ಕೆ ದೇಶದ ಮತಪತ್ರವೇ ಮಾದರಿ. ಅಭ್ಯರ್ಥಿಗಳ ಹೆಸರನ್ನು ಅಲ್ಲಿ ಮೂರು ಗುಂಪು ಮಾಡುತ್ತಾರೆ: ಮಾನ್ಯತೆ ಪಡೆದ ಪಕ್ಷಗಳವರು, ನೋಂದಣಿಯಷ್ಟೇ ಆದ ಪಕ್ಷಗಳವರು, ಪಕ್ಷೇತರರು. ಪ್ರತಿ ಗುಂಪಿನೊಳಗೆ ಅಕಾರಾದಿ. ಯಾವ ಗುಂಪಿಗೂ ಸೇರದವರು ಎಂಬುದು ಉಳಿಯುವುದೇ ಇಲ್ಲ, ಮೂರನೆಯ ಗುಂಪು ಎಲ್ಲರನ್ನೂ ನುಂಗುತ್ತದೆ. 2013ರಲ್ಲಿ ನೋಟಾ ಸೇರಿದಾಗ ಅದಕ್ಕೆ ಅಕಾರಾದಿಯ ಲೆಕ್ಕ ಹಿಡಿಯಲಿಲ್ಲ; ಹೆಸರುಗಳೆಲ್ಲ ಮುಗಿದ ಮೇಲೆ ಎಂದು ಜಾಗ ಗೊತ್ತುಮಾಡಿದರು. ಕೋಡಿನಲ್ಲಿ ಇದನ್ನು ಮಾಡುವುದು ಸುಲಭ: ಅಂಕಿ ಇಲ್ಲದವರಿಗೆಲ್ಲ 999 ಎಂದು ಕೊಟ್ಟುಬಿಡುವುದು. ತಪ್ಪು ತುಂಬಿದವರು ಆಗ ಪಟ್ಟಿಯ ಬುಡದಲ್ಲಿ ಒಟ್ಟಿಗೆ ಸಿಗುತ್ತಾರೆ, ತಿದ್ದುವುದಕ್ಕೂ ಅನುಕೂಲ.

ಸಾರ್ಟನ್ನು ಎಲ್ಲಿ ಮಾಡಬೇಕು ಎಂಬುದು ಕೊನೆಯ ಪ್ರಶ್ನೆ. ಪುಟಕ್ಕೆ ಇಪ್ಪತ್ತರಂತೆ ತೋರಿಸುವ ಸೈಟು ದತ್ತಾಂಶಕೋಶದಿಂದ ಇಪ್ಪತ್ತೇ ಹೆಸರು ತರಿಸಿಕೊಳ್ಳುತ್ತದೆ. ತಂದ ಮೇಲೆ ಸಾರ್ಟ್ ಮಾಡಿದರೆ ಆ ಇಪ್ಪತ್ತು ಮಾತ್ರ ಸಾಲಾಗುತ್ತವೆ: ಮೊದಲ ಪುಟದಲ್ಲಿ ಅಹಮದಾಬಾದ್, ವಡೋದರಾ, ಸೂರತ್, ಎರಡನೆಯ ಪುಟದಲ್ಲಿ ಮತ್ತೆ ಅಹಮದಾಬಾದಿನಿಂದ. ಪ್ರತಿ ಪುಟವೂ ಸರಿ, ಪಟ್ಟಿ ಪೂರ್ತಿ ತಪ್ಪು. ಪುಟ ಕತ್ತರಿಸುವುದಕ್ಕೆ ಮೊದಲು, ದತ್ತಾಂಶಕೋಶದ ಒಳಗೇ ಆರ್ಡರ್ ಬೈ ಎಂಬ ಆದೇಶದಿಂದ ಸಾಲು ಮಾಡಿಸಬೇಕು. ಸದಸ್ಯರು ಕೆಲವೇ ನೂರು ಇದ್ದರೆ ಎಲ್ಲರನ್ನೂ ಒಂದೇ ಸಲ ತರಿಸಿ, ಜೋಡಿಸಿ, ಆಮೇಲೆ ಪುಟ ಮಾಡಿದರೂ ಯಾವ ಸರ್ವರೂ ಬೆವರುವುದಿಲ್ಲ.

ಊರುಗಳಿಗೆ 1, 2, 3 ಎಂದು ಕೊಟ್ಟ ಅಂಕಿಗಳನ್ನು ಅನುಭವಸ್ಥರು 10, 20, 30 ಎಂದು ಮಾಡಿಕೊಳ್ಳುತ್ತಾರೆ. ಆನಂದ್‌ನಲ್ಲಿ ಹೊಸ ಘಟಕ ಶುರುವಾದರೆ ಅದು ಅಹಮದಾಬಾದಿಗೂ ವಡೋದರಾಕ್ಕೂ ನಡುವಿನ ನಿಲ್ದಾಣ, 15 ಕೊಟ್ಟರಾಯಿತು. ಅದಕ್ಕೂ ಮೊದಲು ಸಿಗುವ ನಡಿಯಾದಿಗೆ 12. ಭರೂಚ್‌ಗೆ 25. ಸೂರತ್ ದಾಟಿ ಬರುವ ನವಸಾರಿಗೆ 40, ವಾಪಿಗೆ 50. ಹಳೆಯ ಅಂಕಿ ಒಂದನ್ನೂ ಮುಟ್ಟಬೇಕಿಲ್ಲ. ರಾಜಕೋಟ್ ಮಾತ್ರ ಈ ದಾರಿಯ ಮೇಲೇ ಇಲ್ಲ. ಅದಕ್ಕೆ 5 ಕೊಡಬೇಕೋ 60 ಕೊಡಬೇಕೋ ಎಂಬುದನ್ನು ಸಂಘದ ಕಾರ್ಯಕಾರಿ ಸಮಿತಿ ಕೂತು ತೀರ್ಮಾನಿಸಬೇಕು. ಅಲ್ಲಿಯವರೆಗೆ ರಾಜಕೋಟಿನವರು 999.